ವಿಳಾಸವಿಲ್ಲದ ಅಂಗಡಿ

ಚಳ್ಳಕೆರೆಯಲ್ಲಿ ಕಂಬಳಿ ಕೊಳ್ಳಲು ಬಂದ ರೈತನನ್ನು ಸ್ವಲ್ಪ ದೂರದಲ್ಲಿ ನಿಂತು ನೋಡುವುದೇ ಒಂದು ಸೊಗಸು. ಅವನು ಬಂದವನೇ ಬೆಲೆ ಕೇಳುವುದಿಲ್ಲ. ಮೊದಲು ಕಂಬಳಿಯ ಒಂದು ಮೂಲೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊಸಕುತ್ತಾನೆ. ಅನಂತರ ಅದನ್ನು ಬಿಸಿಲಿಗೆ ಎತ್ತಿ ಹಿಡಿದು, ನೇಯ್ಗೆಯ ನಡುವೆ ಬೆಳಕು ಎಷ್ಟು ತೂರಿಬರುತ್ತದೆಂದು ನೋಡುತ್ತಾನೆ. ಮೂಗಿನ ಬಳಿಗೆ ತಂದು, ಹುಣಸೆಬೀಜದ ಗಂಜಿಯ ವಾಸನೆ ಯಾವುದು, ಕುರಿಯ ಉಣ್ಣೆಯ ವಾಸನೆ ಯಾವುದು ಎಂದು ಬೇರೆ ಬೇರೆಯಾಗಿ ಗುರುತಿಸುತ್ತಾನೆ. ಇಷ್ಟಾದರೂ ಸಂಶಯ ತೀರದಿದ್ದರೆ ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿಗೆ ಮುಟ್ಟಿಸುವುದೂ ಉಂಟು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಅದು ಗಿರಣಿಯ ಕೃತಕ ನೂಲು. ಈ ವಿದ್ಯೆಯನ್ನು ಅವನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ.

ಕಂಬಳಿಯ ಮಾತು ಹಾಗಿರಲಿ. ಶೇಂಗಾ ಕೊಳ್ಳುವ ವ್ಯಾಪಾರಿ ಚೀಲದೊಳಗೆ ಕೈಯನ್ನು ಮೊಣಕೈವರೆಗೆ ತೂರಿಸಿ, ತಳದಿಂದ ಒಂದು ಹಿಡಿ ಕಾಯಿ ತೆಗೆದು ಸುಲಿದು ನೋಡುತ್ತಾನೆ. ಮೇಲಿನ ಕಾಯಿಯನ್ನು ನಂಬುವುದಿಲ್ಲ. ಎಣ್ಣೆಗಿರಣಿಗಳಿಂದಲೇ ಹೆಸರಾದ ಊರಿನಲ್ಲಿ ಜೊಳ್ಳು ಕಾಯಿಗೆ ಮೋಸ ಹೋದವನು ಬಹಳ ದಿನ ವ್ಯಾಪಾರ ಮಾಡಲಾರ. ಕುರಿ ಕೊಳ್ಳುವವನು ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಬೆನ್ನ ಮೇಲೆ ಅಂಗೈ ಒತ್ತಿ ಮಾಂಸ ಎಷ್ಟೆಂದು ಅಳೆಯುತ್ತಾನೆ. ಕೊಳ್ಳುವುದೆಂದರೆ ಅಲ್ಲಿ ಕಣ್ಣು, ಕೈ, ಮೂಗು ಮೂರಕ್ಕೂ ಕೆಲಸ.

ಈ ಮೂರಕ್ಕಿಂತ ದೊಡ್ಡದಾದ ಇನ್ನೊಂದು ಆಧಾರ ಉಂಟು. ಅದು ಎಷ್ಟು ಸಹಜವೆಂದರೆ ಕೊಳ್ಳುವವನು ಅದನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಮಾರುವವನು ಇಂಥ ಊರಿನವನು, ಇಂಥವರ ಮಗ, ಬರುವ ವಾರವೂ ಇದೇ ಬೇವಿನ ಮರದ ಕೆಳಗೆ ಗಂಟು ಬಿಚ್ಚಿ ಕುಳಿತುಕೊಳ್ಳುವವನು. ಕೊಟ್ಟ ಕಂಬಳಿ ಮೊದಲ ಮಳೆಗೇ ಸೋರಿದರೆ, ಅದನ್ನು ಅವನ ಮುಂದೆ ಹರವಿ, ಹತ್ತು ಜನ ಕೇಳುವಂತೆ ‘ಇದೇನಪ್ಪಾ ನಿನ್ನ ಕಂಬಳಿ?’ ಎಂದು ಕೇಳಬಹುದು. ಸಂತೆಯ ವ್ಯಾಪಾರಿಗಳೆಲ್ಲರೂ ಸತ್ಯಹರಿಶ್ಚಂದ್ರರೆಂದು ಯಾರೂ ಹೇಳಲಾರರು. ಆದರೆ ಸುಳ್ಳು ಹೇಳಿದವನೂ ಮರುವಾರ ಅಲ್ಲಿಗೇ ಬರಬೇಕಲ್ಲ! ಆ ಒಂದು ಕಟ್ಟಳೆ ಅವನನ್ನು ಅರ್ಧಕ್ಕಿಂತ ಹೆಚ್ಚು ಪ್ರಾಮಾಣಿಕನನ್ನಾಗಿ ಮಾಡಿಬಿಡುತ್ತದೆ.

ಇಂಥ ನಾಡಿನಲ್ಲಿ ಹುಟ್ಟಿ ಬೆಳೆದವರೇ ಇಂದು ಅಂಗೈಯಗಲದ ಗಾಜಿನ ಮುಂದೆ ಮೋಸಹೋಗುತ್ತಿದ್ದಾರೆ. ಕೇಂದ್ರ ಸರ್ಕಾರವು ಲೋಕಸಭೆಗೆ ತಿಳಿಸಿದಂತೆ 2024ರ ಒಂದೇ ವರ್ಷದಲ್ಲಿ ಎಲ್ಲ ಬಗೆಯ ಸೈಬರ್ ವಂಚನೆಗಳಿಂದ ದೇಶದ ಜನರು ಕಳೆದುಕೊಂಡ ಹಣ 22,845 ಕೋಟಿ ರೂಪಾಯಿಗಳಿಗಿಂತ ಹೆಚ್ಚು. ಅದರಲ್ಲಿ ದೊಡ್ಡ ದೊಡ್ಡ ಮೊತ್ತಗಳ ವಂಚನೆಗಳೂ ಸೇರಿವೆ; ಸಾವಿರ ಐನೂರರ ಸಣ್ಣ ಮೋಸಗಳೂ ಸೇರಿವೆ. ಸುಳ್ಳು ಅಂಗಡಿಯ ಮೋಸ ಸಾಮಾನ್ಯವಾಗಿ ಈ ಎರಡನೆಯ ಬಗೆಯದು. ಮೊತ್ತ ಸಣ್ಣದಾದುದರಿಂದಲೇ ಮೋಸಹೋದವನು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನು ಬಾಯಿ ಮುಚ್ಚಿಕೊಳ್ಳುವುದರಿಂದಲೇ ಆ ಅಂಗಡಿ ಇನ್ನೊಬ್ಬನಿಗೆ ಬಾಗಿಲು ತೆರೆಯುತ್ತದೆ.

ಚಳ್ಳಕೆರೆಯ ಎಣ್ಣೆಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಒಬ್ಬ ತರುಣನಿದ್ದಾನೆ ಎಂದಿಟ್ಟುಕೊಳ್ಳಬಹುದು. ಅವನ ತಂಗಿಯ ಮದುವೆ ನಿಶ್ಚಯವಾಗಿದೆ. ಧಾರೆಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆಯೇ ಆಗಬೇಕೆಂದು ತಾಯಿಯ ಆಸೆ. ರಾತ್ರಿ ಊಟವಾದ ಮೇಲೆ ಅವನು ಮೊಬೈಲು ನೋಡುತ್ತಿರುವಾಗ ಒಂದು ಜಾಹೀರಾತು ತಾನಾಗಿಯೇ ಮೇಲೆದ್ದು ಬರುತ್ತದೆ. ನವಿಲು, ಮಾವಿನಕಾಯಿಗಳ ಬುಟ್ಟಾ ಇರುವ ಕಡುಗೆಂಪು ಸೀರೆ. ಕೆಳಗೆ ‘ಅಪ್ಪಟ ಮೊಳಕಾಲ್ಮೂರು ಕೈಮಗ್ಗ, ನೇರವಾಗಿ ನೇಕಾರರಿಂದ’ ಎಂಬ ಬರಹ. 14,999 ರೂಪಾಯಿಗಳ ಮೇಲೆ ಗೀಟೆಳೆದು 1,499 ಎಂದು ಬರೆದಿದೆ. ಮೂಲೆಯಲ್ಲಿ ಒಂದು ಗಡಿಯಾರ ಹಿಂದುಹಿಂದಕ್ಕೆ ಓಡುತ್ತಿದೆ. ಇನ್ನು ಒಂಬತ್ತು ನಿಮಿಷ, ಉಳಿದಿರುವುದು ಮೂರೇ ಸೀರೆ!

‘ಅವ್ವಾ, ಇಲ್ಲಿ ನೋಡು’ ಎಂದು ಅವನು ತಾಯಿಗೆ ತೋರಿಸುತ್ತಾನೆ.

ತಾಯಿ ಕನ್ನಡಕ ಏರಿಸಿಕೊಂಡು ನೋಡುತ್ತಾಳೆ. ‘ಚೆನ್ನಾಗೈತಪ್ಪಾ. ಆದರೆ ಮೊಳಕಾಲ್ಮೂರು ಏನು ಕಾಶಿನಾ? ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಹೋಗಿ ಬರಬಹುದಲ್ಲ.’

‘ಹೋಗಿ ಬರೋ ಹೊತ್ತಿಗೆ ಇದು ಇರಲ್ಲವ್ವಾ. ಒಂಬತ್ತೇ ನಿಮಿಷ.’

ಆ ಮನೆಯಲ್ಲಿ ಕಂಬಳಿಯ ಎಳೆಯನ್ನು ಸುಟ್ಟು ನೋಡುವವರಿದ್ದಾರೆ, ಶೇಂಗಾ ಚೀಲದ ತಳಕ್ಕೆ ಕೈಹಾಕುವವರಿದ್ದಾರೆ. ಆದರೆ ಗಾಜಿನ ಮೇಲಿನ ಸೀರೆಯನ್ನು ಹೊಸಕಿ ನೋಡುವಂತಿಲ್ಲ, ಮೂಸಿ ನೋಡುವಂತಿಲ್ಲ. ಕಣ್ಣೊಂದೇ ಉಳಿದಿದೆ, ಕಣ್ಣಿಗೂ ಸಿಕ್ಕುವುದು ಸೀರೆಯಲ್ಲ, ಸೀರೆಯ ಚಿತ್ರ. ಆ ಚಿತ್ರ ಯಾವುದೋ ನಿಜವಾದ ಅಂಗಡಿಯಿಂದ ಕದ್ದುದಾಗಿರಬಹುದು. ಈಚೆಗಂತೂ ಯಾರೂ ನೇಯದ, ಯಾರೂ ಉಡದ ಸೀರೆಯ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಕ್ಷಣಮಾತ್ರದಲ್ಲಿ ಬರೆದುಕೊಡುತ್ತವೆ. ಹಿಂದೆ ಸುಳ್ಳು ಅಂಗಡಿಗಳ ಬರಹದಲ್ಲಿ ಕಾಗುಣಿತದ ತಪ್ಪುಗಳು ತುಂಬಿರುತ್ತಿದ್ದವು. ಅದರಿಂದ ಅವುಗಳ ಗುಟ್ಟು ಹೊರಬೀಳುತ್ತಿತ್ತು. ಈಗ ಅವು ಶುದ್ಧವಾದ ಕನ್ನಡದಲ್ಲಿಯೇ ಸುಳ್ಳು ಹೇಳುತ್ತವೆ.

ಆದರೂ ಒಂದು ಪರೀಕ್ಷೆ ತರುಣನ ಕೈಯಲ್ಲಿಯೇ ಇತ್ತು. ಅವನು ಲೆಕ್ಕ ಬರೆಯುವವನಷ್ಟೆ! ಒಂದು ಒಳ್ಳೆಯ ರೇಷ್ಮೆ ಸೀರೆಗೆ ಅರ್ಧ ಕಿಲೋದಷ್ಟಾದರೂ ನೂಲು ಬೇಕು. ಈಚಿನ ವರ್ಷಗಳಲ್ಲಿ ಕಚ್ಚಾ ರೇಷ್ಮೆಯ ಬೆಲೆ ಕಿಲೋಗೆ ನಾಲ್ಕು ಸಾವಿರ ರೂಪಾಯಿಗಳನ್ನು ದಾಟಿರುವುದುಂಟು. ಅಂದ ಮೇಲೆ ನೂಲಿಗೇ ಎರಡು ಸಾವಿರ ಹೋಯಿತು. ಅದಕ್ಕೆ ಬಣ್ಣ ಹಾಕಿಸಿದ ಕೂಲಿ, ಜರಿಯ ಬೆಲೆ, ಹಾಸು ಹೂಡಿದ ಕೂಲಿ, ಕೊನೆಗೆ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನಗಟ್ಟಲೆ ಲಾಳಿ ಎಸೆದ ನೇಕಾರನ ಹೊಟ್ಟೆಪಾಡು ಇಷ್ಟನ್ನೂ ಸೇರಿಸಿದರೆ 1,499 ರೂಪಾಯಿಗಳಿಗೆ ಆ ಸೀರೆಯನ್ನು ಕೊಡುವವನು ಒಂದೋ ಕರ್ಣನಾಗಿರಬೇಕು, ಇಲ್ಲವೆ ಕಳ್ಳನಾಗಿರಬೇಕು. ಕರ್ಣನು ಜಾಹೀರಾತು ಕೊಟ್ಟು ದಾನ ಮಾಡಿದ ಕಥೆ ಎಲ್ಲಿಯೂ ಇಲ್ಲ.

ಆ ಗಡಿಯಾರವಾದರೂ ಏತಕ್ಕೆ? ಈ ಲೆಕ್ಕವನ್ನು ಹಾಕಲು ಬಿಡದಿರುವುದೇ ಅದರ ಕೆಲಸ. ಒಂಬತ್ತು ನಿಮಿಷಗಳು ಕಳೆದ ಮೇಲೆ ಅದೇ ಪುಟವನ್ನು ಮತ್ತೆ ತೆರೆದು ನೋಡಿದ್ದರೆ, ಗಡಿಯಾರ ಪುನಃ ಮೊದಲಿನಿಂದ ಓಡುತ್ತಿರುವುದೂ ಅವೇ ಮೂರು ಸೀರೆಗಳು ಮಾರಾಟವಾಗದೆ ಉಳಿದಿರುವುದೂ ಕಾಣುತ್ತಿತ್ತು. ಅಗ್ಗದ ಆಸೆಯಾದರೋ ಬಡವರಿಗೆ ಮಾತ್ರ ಇರುವುದೆಂದು ತಿಳಿಯಬಾರದು. 2016ರ ಫೆಬ್ರವರಿಯಲ್ಲಿ 251 ರೂಪಾಯಿಗಳಿಗೆ ಸ್ಮಾರ್ಟ್‌ಫೋನ್ ಕೊಡುವುದಾಗಿ ಉತ್ತರ ಭಾರತದ ಒಂದು ಕಂಪನಿ ಸಾರಿದಾಗ, ಓದುಬರಹ ಬಲ್ಲ ನಗರವಾಸಿಗಳೇ ಮುಗಿಬಿದ್ದು, ಮೊದಲ ದಿನವೇ ಅದರ ಜಾಲತಾಣ ಭಾರ ತಾಳಲಾರದೆ ನಿಂತುಹೋಯಿತು. ಅದಕ್ಕೂ ಬಹಳ ಹಿಂದೆ, ಪತ್ರಿಕೆಯ ಜಾಹೀರಾತು ನೋಡಿ ವಿ.ಪಿ. ಮೂಲಕ ಅಗ್ಗದ ರೇಡಿಯೋ ತರಿಸಿ, ಅಂಚೆಯಣ್ಣನಿಗೆ ಹಣ ತೆತ್ತು ಪೊಟ್ಟಣ ಬಿಚ್ಚಿದರೆ ಒಳಗೆ ಇಟ್ಟಿಗೆ ಇದ್ದ ಕಥೆಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಮೋಸದ ಬೇರು ಹಳೆಯದು; ಚಿಗುರು ಮಾತ್ರ ಹೊಸದು.

ತರುಣನು ಹಣ ಕಳುಹಿಸಿದನೆನ್ನಿ. ಅದರ ಕಥೆ ಮುಂದೆ ಬರುತ್ತದೆ. ತಾಯಿ ಹೇಳಿದ ಬಸ್ಸನ್ನು ಅವನು ಹತ್ತಿದ್ದರೆ ಏನನ್ನು ಕಾಣುತ್ತಿದ್ದನೆಂಬುದನ್ನು ಮೊದಲು ನೋಡುವುದು ಒಳ್ಳೆಯದು.

ಚಳ್ಳಕೆರೆಯಿಂದ ಉತ್ತರಕ್ಕೆ ಬಳ್ಳಾರಿಯ ಕಡೆಗೆ ಹೊರಟ ದಾರಿ ಬಯಲುಸೀಮೆಯ ಬೋಳು ಗುಡ್ಡಗಳನ್ನೂ ಶೇಂಗಾ ಹೊಲಗಳನ್ನೂ ದಾಟಿಕೊಂಡು ಮೊಳಕಾಲ್ಮೂರು ತಾಲ್ಲೂಕನ್ನು ಸೇರುತ್ತದೆ. ಬಂಡೆಗಲ್ಲಿನ ಬೆಟ್ಟಗಳ ಮಗ್ಗುಲಲ್ಲಿರುವ ಮೊಳಕಾಲ್ಮೂರಿನ ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದೇ ಮನೆಯ ಗುರುತು. ಇಲ್ಲಿನ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಂದರೆ, ಇಂಥ ನಾಡಿನಲ್ಲಿ ಇಂಥ ಕ್ರಮದಿಂದ ನೇಯ್ದ ಸೀರೆಗೆ ಮಾತ್ರ ‘ಮೊಳಕಾಲ್ಮೂರು ಸೀರೆ’ ಎಂಬ ಹೆಸರು ಸಲ್ಲತಕ್ಕದ್ದು ಎಂದು ಕಾನೂನು ಒಪ್ಪಿಕೊಂಡಿತು. ಊರಿನ ಹೆಸರೇ ನೇಕಾರರ ಆಸ್ತಿಯಾಯಿತು. ರೇಷ್ಮೆ ಅಪ್ಪಟವೆಂಬುದಕ್ಕೆ ಬೇರೊಂದು ಗುರುತು ಉಂಟು. ಕೇಂದ್ರ ರೇಷ್ಮೆ ಮಂಡಲಿಯು 2004ರಲ್ಲಿ ಆರಂಭಿಸಿದ ಸಿಲ್ಕ್ ಮಾರ್ಕ್ ಎಂಬ ಮುದ್ರೆಯ ಚೀಟಿಯನ್ನು ಸೀರೆಗೆ ಕಟ್ಟಿರುತ್ತಾರೆ. ಆ ಚೀಟಿಗೆ ತನ್ನದೇ ಆದ ಸಂಖ್ಯೆ ಇರುತ್ತದೆ. ಚೀಟಿಯ ಚಿತ್ರವನ್ನು ಯಾವ ಜಾಲತಾಣದ ಮೇಲೆಯೂ ಅಂಟಿಸಬಹುದಾದುದರಿಂದ, ಸೀರೆಗೆ ಕಟ್ಟಿದ ಚೀಟಿಗೆ ಮಾತ್ರ ಬೆಲೆ.

ಈ ತಾಲ್ಲೂಕಿನಲ್ಲಿ ನೋಡತಕ್ಕ ಮತ್ತೊಂದು ವಸ್ತುವಿದೆ. ವ್ಯಾಪಾರಕ್ಕೂ ಅದಕ್ಕೂ ಮೇಲುನೋಟಕ್ಕೆ ಏನೂ ಸಂಬಂಧವಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ, ಪರಸ್ಪರ ಹತ್ತಿರದಲ್ಲಿಯೇ, ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಅದರ ಉಪದೇಶವನ್ನು ಇತಿಹಾಸದ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. ಉಪದೇಶಕ್ಕಿಂತ ಮೊದಲು ಶಾಸನ ಏನು ಹೇಳುತ್ತದೆಂಬುದನ್ನು ಗಮನಿಸುವವರು ಕಡಮೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುತ್ತ ಹೇಳಿ ಕಳುಹಿಸಿದ್ದು ಎಂದು ಅದು ಆರಂಭವಾಗುತ್ತದೆ. ಕೊನೆಯಲ್ಲಿ, ಬರೆದವನು ಲಿಪಿಕಾರ ಚಪಡ ಎಂದು ಕೆತ್ತಿದವನ ಹೆಸರೂ ಇದೆ. ಮಾತು ಯಾರದು, ಎಲ್ಲಿಂದ ಬಂದುದು, ಯಾರಿಗೆ ಬಂದುದು, ಕಲ್ಲಿಗೆ ಇಳಿಸಿದ ಕೈ ಯಾವುದು ಇಷ್ಟೂ ಅದರಲ್ಲಿ ಸ್ಪಷ್ಟ. ಚಕ್ರವರ್ತಿಯ ಆಜ್ಞೆಗೂ ವಿಳಾಸ ಬೇಕಾಯಿತು! ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಬಂಡೆಯನ್ನು ಕೇಳಿದರೆ ದೊರೆಯುವಷ್ಟು ಉತ್ತರ ನಿನ್ನೆ ಹುಟ್ಟಿದ ಈ ಸೀರೆಯಂಗಡಿಯನ್ನು ಕೇಳಿದರೆ ದೊರೆಯುವುದಿಲ್ಲ.

ಸುಳ್ಳು ಅಂಗಡಿಯು ನಿಜವಾದ ಅಂಗಡಿಯ ಎಲ್ಲವನ್ನೂ ಅನುಕರಿಸಬಲ್ಲದು. ಆದರೆ ತಾನು ಯಾರು, ಎಲ್ಲಿದ್ದೇನೆ ಎಂಬ ಎರಡು ಪ್ರಶ್ನೆಗಳಿಗೆ ಮಾತ್ರ ನಿಜವಾದ ಉತ್ತರ ಕೊಡಲಾರದು. ಕೊಟ್ಟರೆ ಪೋಲೀಸರು ಅಲ್ಲಿಗೇ ಹೋಗುತ್ತಾರಲ್ಲ! ಕೊಳ್ಳುವವನು ಬಿಗಿಯಾಗಿ ಹಿಡಿಯಬೇಕಾದ ಎಳೆ ಇದೇ. 2020ರ ಜುಲೈ ತಿಂಗಳಿಂದ ಜಾರಿಯಲ್ಲಿರುವ ಇ-ವಾಣಿಜ್ಯ ನಿಯಮಗಳ ಪ್ರಕಾರ, ಅಂತರಜಾಲದಲ್ಲಿ ವ್ಯಾಪಾರ ನಡೆಸುವವರು ತಮ್ಮ ಕಾನೂನುಬದ್ಧ ಹೆಸರನ್ನೂ ಮುಖ್ಯ ಕಚೇರಿಯ ವಿಳಾಸವನ್ನೂ ದೂರು ಕೇಳುವ ಅಧಿಕಾರಿಯ ಹೆಸರನ್ನೂ ಕಾಣುವಂತೆ ಪ್ರಕಟಿಸಬೇಕು. ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿತೆಂದು ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹಾರ ಕಾಣಿಸಬೇಕು. ಈ ವಿವರಗಳ ಜಾಗದಲ್ಲಿ ಒಂದು ವಾಟ್ಸಾಪ್ ಸಂಖ್ಯೆಯೋ ‘ನಮಗೆ ಬರೆಯಿರಿ’ ಎಂಬ ಖಾಲಿ ಪೆಟ್ಟಿಗೆಯೋ ಮಾತ್ರ ಇದ್ದರೆ, ಅಂಗಡಿಯ ಹಿಂದೆ ಗೋಡೆಯಿಲ್ಲ, ಬರಿಯ ಪರದೆ ಎಂದು ತಿಳಿಯಬೇಕು.

ವಿಳಾಸ ಕೊಟ್ಟಿದ್ದರೂ ಅದು ಬೇರೆಯವರದಾಗಿರಬಹುದು. ಜಿ.ಎಸ್.ಟಿ. ಸಂಖ್ಯೆ ಇದೆಯೇ ಎಂದು ನೋಡುವುದು ಇದಕ್ಕೆ ಒಂದು ಉಪಾಯ. ಹದಿನೈದು ಅಕ್ಷರಾಂಕಗಳ ಆ ಸಂಖ್ಯೆಯ ಮೊದಲೆರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 29. ‘ಮೊಳಕಾಲ್ಮೂರಿನ ನಮ್ಮ ಮಗ್ಗದಿಂದ’ ಎನ್ನುವ ಅಂಗಡಿಯ ಸಂಖ್ಯೆ ಬೇರೆ ಅಂಕಿಗಳಿಂದ ಆರಂಭವಾದರೆ ಕಾರಣ ಕೇಳಬೇಕಾಗುತ್ತದೆ. ಸರ್ಕಾರದ ಜಿ.ಎಸ್.ಟಿ. ಜಾಲತಾಣದಲ್ಲಿ ಆ ಸಂಖ್ಯೆಯನ್ನು ಬರೆದರೆ, ಅದು ಯಾರ ಹೆಸರಿನಲ್ಲಿದೆ, ಇನ್ನೂ ಜೀವಂತವಾಗಿದೆಯೇ ಎಂಬುದು ತಿಳಿಯುತ್ತದೆ, ಅದಕ್ಕೆ ಶುಲ್ಕವಿಲ್ಲ. ಸಣ್ಣ ನೇಕಾರರಲ್ಲಿ ಹಲವರಿಗೆ ಈ ಸಂಖ್ಯೆ ಇರುವುದಿಲ್ಲವೆಂಬುದೂ ನಿಜ. ಸಂಖ್ಯೆ ಇಲ್ಲವೆಂದ ಮಾತ್ರಕ್ಕೆ ಅವರನ್ನು ಕಳ್ಳರೆನ್ನುವುದು ಅನ್ಯಾಯ. ಅಂಥ ಕಡೆ ಮನುಷ್ಯನನ್ನೇ ಹುಡುಕಿ ಮಾತನಾಡಬೇಕು.

ಜಾಲತಾಣದ ವಿಳಾಸವನ್ನು ಓದುವುದಕ್ಕೂ ಒಂದು ಕ್ರಮವಿದೆ. ಅದನ್ನು ಎಡದಿಂದ ಓದಿದರೆ ಮೋಸ, ಬಲದಿಂದ ಓದಿದರೆ ನಿಜ. ಹೆಸರಾಂತ ಅಂಗಡಿಯ ಹೆಸರು ಮೊದಲು ಬಂದು, ಅನಂತರ ಒಂದು ಚುಕ್ಕೆ, ಆಮೇಲೆ ‘ಅಗ್ಗದಮಾಲು ಡಾಟ್ ಕಾಮ್’ ಎಂದಿದ್ದರೆ, ಮನೆಯ ಯಜಮಾನ ಅಗ್ಗದಮಾಲೇ ಹೊರತು ಹೆಸರಾಂತ ಅಂಗಡಿಯಲ್ಲ. ತನ್ನ ಮನೆಯ ಕೋಣೆಗೆ ಯಾರ ಹೆಸರನ್ನಾದರೂ ಇಡಲು ಯಜಮಾನನಿಗೆ ಅಡ್ಡಿಯಿಲ್ಲವಷ್ಟೆ. ಹೆಸರಿನ ನಡುವೆ ಒಂದು ಅಕ್ಷರ ಹೆಚ್ಚಾಗಿಯೋ ಒಂದು ಅಡ್ಡಗೀಟು ಸೇರಿಯೋ ಇರುವುದೂ ಸಾಮಾನ್ಯ. ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಚಿತ್ರವನ್ನು ನಂಬಿ ಮೋಸಹೋದವರು ಬಹಳ. ದಾರಿಯಲ್ಲಿ ಮೂರನೆಯವರು ಕದ್ದು ಓದಲಾರರು ಎಂಬುದಷ್ಟೇ ಆ ಬೀಗದ ಅರ್ಥ. ದಾರಿಯ ತುದಿಯಲ್ಲಿ ಕುಳಿತವನು ಸಾಧುವೋ ಚೋರನೋ ಎಂಬುದನ್ನು ಅದು ಹೇಳುವುದಿಲ್ಲ. ಬೀಗವನ್ನು ಕಳ್ಳನೂ ಬಿಟ್ಟಿಯಾಗಿ ಪಡೆಯಬಲ್ಲ.

ಜಾಲತಾಣದ ಹೆಸರು ನೋಂದಣಿಯಾದ ದಿನಾಂಕವನ್ನು ‘ಹೂಈಸ್’ ಎಂಬ ಬಹಿರಂಗ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ‘ಮೂರು ತಲೆಮಾರುಗಳ ನಂಬಿಕೆ’ ಎಂದು ಹಣೆಯ ಮೇಲೆ ಬರೆದುಕೊಂಡ ಅಂಗಡಿಯ ಹೆಸರು ಮೂರು ವಾರಗಳ ಹಿಂದೆ ನೋಂದಣಿಯಾಗಿದ್ದರೆ ನಗುವುದೋ ಅಳುವುದೋ! ಸೀರೆಯ ಚಿತ್ರವನ್ನೇ ಹುಡುಕುಯಂತ್ರಕ್ಕೆ ಕೊಟ್ಟು ಹುಡುಕಿಸಿದರೆ, ಅದೇ ಚಿತ್ರ ಹತ್ತು ಬೇರೆ ಬೇರೆ ಹೆಸರಿನ ಅಂಗಡಿಗಳಲ್ಲಿ ಹತ್ತು ಬೆಲೆಗಳಿಗೆ ತೂಗುತ್ತಿರುವುದು ಎಷ್ಟೋ ವೇಳೆ ಕಾಣಸಿಗುತ್ತದೆ. ಕೊಂಡವರ ಮೆಚ್ಚುಗೆಯ ಮಾತುಗಳನ್ನು ಅಂಗಡಿಯ ಪುಟದಲ್ಲಿಯೇ ಓದುವುದರಿಂದ ಪ್ರಯೋಜನವಿಲ್ಲ. ಮದುವೆಯ ಗಂಡಿನ ಗುಣವನ್ನು ಗಂಡಿನ ಮನೆಯವರನ್ನೇ ಕೇಳಿ ತಿಳಿದುಕೊಳ್ಳುವುದುಂಟೆ?

ಇನ್ನು ಹಣ ಕೊಟ್ಟ ತರುಣನ ಕಥೆ. ಹಣ ಹೋದುದು ಅಂಗಡಿಯ ಹೆಸರಿಗಲ್ಲ, ಯಾವನೋ ಅಪರಿಚಿತ ವ್ಯಕ್ತಿಯ ಖಾತೆಗೆ. ಯು.ಪಿ.ಐ. ಮೂಲಕ ಕಳುಹಿಸುವಾಗ ಆ ಹೆಸರು ಪರದೆಯ ಮೇಲೆ ಬಂದೇ ಬಂದಿತ್ತು. ಅವಸರದಲ್ಲಿ ಅದನ್ನು ಓದಲಿಲ್ಲ. ವಾರ ಕಳೆಯಿತು, ಸೀರೆ ಬರಲಿಲ್ಲ. ಕೆಲವು ಸುಳ್ಳು ಅಂಗಡಿಗಳು ಏನನ್ನೋ ಕಳುಹಿಸುವುದೂ ಉಂಟು. ಪೊಟ್ಟಣದಲ್ಲಿ ರೇಷ್ಮೆಯ ಬದಲು ಪಾಲಿಯೆಸ್ಟರ್ ತುಂಡು ಇರುತ್ತದೆ. ‘ಕಳುಹಿಸಿದ್ದೇವೆ’ ಎಂಬುದಕ್ಕೆ ಅವರಿಗೆ ಒಂದು ರಸೀತಿ ದೊರೆಯುತ್ತದೆ. ಸರಕು ಬಂದ ಮೇಲೆ ಹಣ ಕೊಡುವ ಪದ್ಧತಿಯೂ ಪೂರ್ಣ ರಕ್ಷೆಯಲ್ಲ, ಏಕೆಂದರೆ ಸಾಮಾನ್ಯವಾಗಿ ಹಣ ಕೊಟ್ಟ ಮೇಲೆಯೇ ಪೊಟ್ಟಣ ಬಿಚ್ಚಬೇಕು. ಇಟ್ಟಿಗೆಯ ಕಾಲದಲ್ಲಿಯೂ ಹಾಗೆಯೇ ಇತ್ತು.

ನಿಜವಾದ ಅಪಾಯ ಶುರುವಾಗುವುದು ಇಲ್ಲಿಂದ. ಕಳೆದುಕೊಂಡ 1,499 ರೂಪಾಯಿಗಳನ್ನು ಹಿಂದಕ್ಕೆ ಪಡೆಯಬೇಕೆಂದು ಅವನು ಅಂಗಡಿಯ ಗ್ರಾಹಕ ಸೇವೆಯ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕುತ್ತಾನೆ. ಆ ಸಂಖ್ಯೆಯನ್ನು ಅಲ್ಲಿ ಇಟ್ಟವರೂ ವಂಚಕರೇ. ಆ ಕಡೆಯ ಧ್ವನಿ ಬಹಳ ವಿನಯದ್ದು. ‘ಕ್ಷಮಿಸಿ ಸರ್, ನಿಮ್ಮ ಹಣ ಈಗಲೇ ವಾಪಸು ಬರುತ್ತದೆ. ನಾನು ಹೇಳುವ ಒಂದು ಆ್ಯಪ್ ಹಾಕಿಕೊಳ್ಳಿ, ನಿಮ್ಮ ಪಿನ್ ಒತ್ತಿ’ ಎನ್ನುತ್ತದೆ. ಆ ಆ್ಯಪಿನಿಂದ ತರುಣನ ಪರದೆಯೆಲ್ಲ ಅವರಿಗೆ ಕಾಣತೊಡಗುತ್ತದೆ. ಯು.ಪಿ.ಐ. ಪಿನ್ ಎಂಬುದು ಮನೆಯ ಹಣದ ಪೆಟ್ಟಿಗೆಯ ಕೀಲಿಕೈ ಇದ್ದಂತೆ. ಹೊರಗೆ ಕೊಡುವಾಗ ಅದು ಬೇಕು; ಒಳಗೆ ಬರುವ ಹಣಕ್ಕೆ ಅದು ಎಂದಿಗೂ ಬೇಡ. ಇದೊಂದನ್ನು ತಿಳಿಯದೆ, ಸೀರೆಗಾಗಿ ಸಾವಿರದೈನೂರು ಕಳೆದುಕೊಂಡ ಮನೆ ಮದುವೆಗೆಂದು ಕೂಡಿಟ್ಟ ಹಣವನ್ನೆಲ್ಲ ಕಳೆದುಕೊಳ್ಳುತ್ತದೆ.

ಅಂಥ ವೇಳೆಯಲ್ಲಿ ಅಳುತ್ತ ಕೂರುವ ಪ್ರತಿಯೊಂದು ಗಳಿಗೆಯೂ ಕಳ್ಳನಿಗೆ ಲಾಭ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅತಿ ಬೇಗನೆ ಸಾಗಿಸುತ್ತಾರೆ. ಕಮಿಷನ್ನಿನ ಆಸೆಗೆ ತಮ್ಮ ಖಾತೆಗಳನ್ನು ಬಾಡಿಗೆಗೆ ಕೊಟ್ಟವರ ಹೆಸರಿನಲ್ಲಿ ಅವು ಇರುತ್ತವೆ. ಇಂಥ ಖಾತೆ ಕೊಟ್ಟವರೂ ಅಪರಾಧದಲ್ಲಿ ಭಾಗಿಗಳೆಂದು ಪೋಲೀಸರ ಕೈಗೆ ಸಿಕ್ಕಿಬಿದ್ದಿರುವುದುಂಟು. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. ಹಣ ಕೊನೆಯ ಖಾತೆಯಿಂದ ಹೊರಬೀಳುವ ಮೊದಲು ಸುದ್ದಿ ಮುಟ್ಟಿದರೆ ಬ್ಯಾಂಕು ಅದನ್ನು ತಡೆಹಿಡಿಯಬಲ್ಲದು. ಅದಕ್ಕಾಗಿಯೇ 1930 ಎಂಬ ಸಹಾಯವಾಣಿ ದೇಶಕ್ಕೆಲ್ಲ ಇದೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲಿಯೂ ದೂರು ಬರೆಯಬಹುದು. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿ.ಇ.ಎನ್. ಪೋಲೀಸ್ ಠಾಣೆಗಳಿವೆ. ಹಣ ಕಳುಹಿಸಿದ ವಹಿವಾಟಿನ ಸಂಖ್ಯೆ, ಜಾಹೀರಾತಿನ ಚಿತ್ರ, ನಡೆದ ಮಾತುಕತೆ ಇವುಗಳನ್ನು ಅಳಿಸದೆ ಇಟ್ಟುಕೊಂಡಿರಬೇಕು. ನಾಚಿಕೆಯಿಂದ ಎಲ್ಲವನ್ನೂ ಅಳಿಸಿ ಹಾಕಿದವನು ಕಳ್ಳನ ಹೆಜ್ಜೆಗುರುತನ್ನು ತಾನೇ ಗುಡಿಸಿದಂತೆ. ಅಂಗಡಿ ನಿಜವಾದುದಾಗಿದ್ದು ಸರಕು ಮಾತ್ರ ಕೆಟ್ಟದಾಗಿದ್ದರೆ ಅದರ ದಾರಿ ಬೇರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಇಷ್ಟೆಲ್ಲ ನಷ್ಟ ಕೊಂಡವನದು. ಪತ್ರಿಕೆಯ ಸುದ್ದಿಯಲ್ಲಿ ಬರದ ಇನ್ನೊಬ್ಬನ ನಷ್ಟವೂ ಇಲ್ಲಿದೆ. ಸುಳ್ಳು ಅಂಗಡಿಯವನು ತರುಣನಿಂದ ಕದ್ದುದು ಹಣವನ್ನು. ಮೊಳಕಾಲ್ಮೂರಿನ ನೇಕಾರನಿಂದ ಕದ್ದುದು ಹೆಸರನ್ನು. ಆ ಹೆಸರನ್ನು ಕಟ್ಟಲು ತಲೆಮಾರುಗಳು ಬೇಕಾದುವು. ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಹರಿದರೂ ಮಗ್ಗ ನಿಲ್ಲಿಸಿ, ಆ ಎಳೆಯನ್ನು ಹುಡುಕಿ, ಗಂಟು ಹಾಕಿ ಮುಂದುವರಿಯುವ ಜನ ಅವರು. ತಮ್ಮ ಊರಿನ ಹೆಸರಿನಲ್ಲಿ ಎಲ್ಲೋ ಯಾರೋ ಪಾಲಿಯೆಸ್ಟರ್ ಮಾರಿದ ಸಂಗತಿ ಅವರಿಗೆ ತಿಳಿಯುವುದೇ ಇಲ್ಲ. ‘ಮೊಳಕಾಲ್ಮೂರು ಸೀರೆ ತರಿಸಿದೆ, ಮೋಸವಾಯಿತು’ ಎಂದು ಒಬ್ಬಾಕೆ ನೆರೆಮನೆಯವಳಿಗೆ ಹೇಳಿದರೆ, ಆ ಮಾತಿಗೆ ಉತ್ತರ ಕೊಡಲು ನೇಕಾರ ಅಲ್ಲಿರುವುದಿಲ್ಲ. ಕಳ್ಳನು ಜಾಲತಾಣವನ್ನು ಮುಚ್ಚಿ ಬೇರೆ ಹೆಸರಿನಲ್ಲಿ ತೆರೆಯುತ್ತಾನೆ. ನೇಕಾರನಿಗೆ ಬೇರೆ ಹೆಸರಿಲ್ಲ.

ಹಾಗೆಂದು ಅಂತರಜಾಲವೇ ಬೇಡವೆಂದರೆ ಹೊಡೆತ ಬೀಳುವುದು ಪುನಃ ಅವನ ಮೇಲೆಯೇ. ಹಿಂದೆ ಸೀರೆ ಮಗ್ಗದಿಂದ ಇಳಿದರೆ ನೂಲು ಕೊಟ್ಟ ಸಾಹುಕಾರನ ಗದ್ದಿಗೆಗೇ ಹೋಗಬೇಕಾಗಿತ್ತು. ಅವನು ಹೇಳಿದ್ದೇ ಕೂಲಿ. ಈಗ ಸ್ವಂತ ಮಗ್ಗವುಳ್ಳ ನೇಕಾರನೊಬ್ಬನು ಸೀರೆಯ ಚಿತ್ರವನ್ನು ತಾನೇ ತೆಗೆದು ದೂರದ ಊರಿಗೆ ಕಳುಹಿಸಿ, ನಡುವಿನವರಿಲ್ಲದೆ ಮಾರಬಲ್ಲ. ಬೆಂಗಳೂರಿನ ಒಬ್ಬ ಗೃಹಿಣಿ, ಒಮ್ಮೆ ಮೋಸಹೋದವಳೇ, ಅಂಥ ನೇಕಾರನಿಗೆ ಫೋನು ಮಾಡಿದಳೆನ್ನಿ.

‘ಸೀರೆ ಚೆನ್ನಾಗಿದೆ. ಆದರೆ ಹಣ ಕಳಿಸೋದಕ್ಕೆ ಭಯ’ ಎನ್ನುತ್ತಾಳೆ.

‘ಭಯ ಆಗೋದು ಸಹಜ ಬಿಡಿ ತಾಯಿ’ ಎಂದು ಅವನು ಫೋನನ್ನು ಮಗ್ಗದ ಕಡೆ ತಿರುಗಿಸುತ್ತಾನೆ. ಅರ್ಧ ನೇಯ್ದ ಸೆರಗು, ಕಂಡಿಕೆ ಸುತ್ತುತ್ತಿರುವ ಹೆಂಡತಿ, ಗೋಡೆಯ ಮೇಲಿನ ದೇವರ ಪಟ ಎಲ್ಲವೂ ಕಾಣುತ್ತದೆ. ‘ಅವಸರ ಏನೂ ಇಲ್ಲ. ಈ ಕಡೆ ನಿಮ್ಮ ನೆಂಟರು ಯಾರಾದರೂ ಇದ್ದರೆ ಕಳಿಸಿ, ಮುಟ್ಟಿ ನೋಡಲಿ, ಬೇಕಾದರೆ ಒಂದೆಳೆ ಸುಟ್ಟು ನೋಡಲಿ. ಮೊಳಕಾಲ್ಮೂರು ಬಸ್‌ಸ್ಟಾಂಡಿನಲ್ಲಿ ಇಳಿದು ನನ್ನ ಹೆಸರು ಹೇಳಿದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ.’

ಆಕೆಗೆ ಚಳ್ಳಕೆರೆಯಲ್ಲಿ ಒಬ್ಬ ಸೋದರಮಾವ ಇರುವುದು ನೆನಪಾಗುತ್ತದೆ. ಸೀರೆಯನ್ನು ಎರಡು ದಿನ ಯಾರಿಗೂ ಕೊಡದೆ ಇಟ್ಟಿರಲು ಸಾಧ್ಯವೇ ಎಂದು ಕೇಳುತ್ತಾಳೆ. ಅವನು ‘ಆಗಲಿ’ ಎಂದು, ಫೋನನ್ನು ಪಕ್ಕಕ್ಕಿಟ್ಟು ಮತ್ತೆ ಗುಂಡಿಯೊಳಗೆ ಕಾಲು ಇಳಿಬಿಡುತ್ತಾನೆ.